ಮಿನೋರಿಯ ಎರಡನೆಯ ಗಿಟಾರು

ಸಕಾಯಿ
ನವೆಂಬರ್ 19, 2023

ಪ್ರೀತಿಯ ತಮ್ಮ ತೆತ್ಸುರೋಗೆ,

ನಿನ್ನ ಅಕ್ಕ ಫುಸಾಎ ಇಲ್ಲಿಂದಲೇ ನಿನ್ನ ತಲೆ ಸವರಿ ಬರೆಯುತ್ತಿದ್ದೇನೆ. ಅಲ್ಲಿ ಬೆಟ್ಟದ ಕಡೆ ಈಗಲೇ ಚಳಿ ಜೋರಂತೆ. ಬೆರಳ ತುದಿಗಳು ಒಡೆಯುತ್ತಿವೆ ಎಂದು ಬರೆದಿದ್ದೆ. ಮುಲಾಮು ಕಳಿಸೋಣವೆಂದು ವಿಚಾರಿಸಿದರೆ ಹೊರಗಿನದನ್ನು ಒಳಗೆ ಬಿಡುವುದಿಲ್ಲವಂತೆ. ಅಲ್ಲಿಯೇ ಕೇಳಿ ಹಚ್ಚಿಕೋ, ಕೇಳಲು ನಾಚಿಕೆಪಡಬೇಡ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಅಧಿಕಾರಿಗಳಿಗೂ ನನ್ನ ನಮಸ್ಕಾರ. ನನ್ನ ಕೋಳಿಕಾಲಿನ ಅಕ್ಷರ ಓದಿ ಓದಿ ಅವರಿಗೂ ಅಭ್ಯಾಸವಾಗಿರಬೇಕು.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕೂತಿದ್ದೆ. ಕೋಪ ಮಾಡಿಕೊಳ್ಳಬೇಡಪ್ಪ. ಚಳಿ ಬಂತೆಂದು ಇಡೀ ಬೀದಿಯವರು ಬೀರುವಿನಿಂದ ಕೋಟು ತೆಗೆದು ನನ್ನ ಲಾಂಡ್ರಿಯಲ್ಲಿ ತಂದು ಸುರಿದರು. ನಿನ್ನ ಭಾವ ಸೊಂಟ ಹಿಡಿದುಕೊಂಡು ಟ್ರಾಮ್ ಓಡಿಸಲಾಗದೆ ಒಂದು ವಾರ ಚಾಪೆಯ ಮೇಲೆ ಮಲಗಿದ್ದರು. ಇದೆಲ್ಲ ನಿಜವೇ. ಆದರೂ ಒಂದು ಪತ್ರ ಬರೆಯಲಾಗದಷ್ಟು ಕೆಲಸ ಯಾರಿಗೂ ಇರುವುದಿಲ್ಲ ಎಂದು ನಿನಗೂ ಗೊತ್ತು. ಕೂತರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ, ಅಷ್ಟೇ.

ಮೊದಲು ನೀನು ಕಾಯುತ್ತಿರುವ ಸುದ್ದಿ ಹೇಳಿಬಿಡುತ್ತೇನೆ. ಗಿಟಾರು ಮನೆಗೆ ಬಂತು.

ಬೇಸಿಗೆಯಲ್ಲಿ ನೀನು ಬರೆದಿದ್ದೆಯಲ್ಲ, ಡಿಸೆಂಬರಿಗೆ ಮಿನೋರಿಗೆ ಹದಿನೆಂಟು ತುಂಬುತ್ತದೆ, ನಮ್ಮ ಅಟ್ಟದ ಮೇಲೆ ಇಟ್ಟಿರುವ ನಿನ್ನ ದೊಡ್ಡ ಆಂಪ್ಲಿಫೈಯರನ್ನು ಮಾರಿ ಅವಳಿಗೆ ಇನ್ನೊಂದು ಗಿಟಾರು ಕೊಡಿಸಬೇಕು ಎಂದು. ಅದನ್ನು ಅವಳ ಮುಂದೆ ಹೇಳಲು ನನಗೆ ಧೈರ್ಯ ಬಂದದ್ದು ಅಕ್ಟೋಬರಿನಲ್ಲಿ. ನಿನ್ನ ಹೆಸರು ಎತ್ತಿದರೆ ಅವಳು ಜಗಳವಾಡುವುದಿಲ್ಲ, ಅಳುವುದೂ ಇಲ್ಲ. ಮೆಲ್ಲಗೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ. ನಮ್ಮ ಮನೆಯ ಪಾತ್ರೆಗಳು ಇಷ್ಟು ಹೊಳೆಯುತ್ತಿರುವುದು ನಿನ್ನ ದಯೆಯಿಂದಲೇ. ಆದರೆ ಅವತ್ತು ಏಳಲಿಲ್ಲ. ಚಾಪ್‌ಸ್ಟಿಕ್ಕುಗಳನ್ನು ಬಟ್ಟಲಿನ ಮೇಲೆ ಇಟ್ಟು, ಇನ್ನೊಂದು ಗಿಟಾರು ನಿಜವಾಗಿಯೂ ಬೇಕು ಎಂದಳು.

ಅವರ ತಂಡದಲ್ಲಿ ಇನ್ನೊಬ್ಬ ಗಿಟಾರಿನವನಿದ್ದ. ಪರೀಕ್ಷೆಗೆ ಓದಬೇಕೆಂದು ಬಿಟ್ಟುಹೋದ. ಈಗ ಡ್ರಮ್ಮಿನ ಹುಡುಗಿ, ಬೇಸ್ ನುಡಿಸುವ ಹುಡುಗ, ಹಾಡುವ ಹುಡುಗ, ಜೊತೆಗೆ ನಿನ್ನ ಮಗಳು. ಇಬ್ಬರ ಕೆಲಸವನ್ನು ಇವಳೊಬ್ಬಳೇ ಮಾಡಬೇಕು. "ಅಪ್ಪನ ಗಿಟಾರು ಒಂಟಿಯಾಗಿ ನುಡಿಸಿದ್ರೆ ಗಾಜಿನ ಹಾಗೆ ಮಿಂಚತ್ತೆ, ಅತ್ತೆ. ಹಾಡು ಜೋರಾದ ತಕ್ಷಣ ಡ್ರಮ್ಮಿನ ಕೆಳಗೆ ಹೂತುಹೋಗತ್ತೆ" ಎಂದಳು. 'ಅಪ್ಪನ' ಎಂಬ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ನಿನ್ನ ಭಾವ ಮತ್ತು ನಾನು ಇಬ್ಬರೂ ಬಟ್ಟಲಿನೊಳಗೇ ನೋಡುತ್ತ ಉಂಡೆವು.

ಈ ತಿಂಗಳ ಮೂರನೆಯ ತಾರೀಕು ರಜೆಯಿತ್ತಲ್ಲ, ಮೂವರೂ ಶಿನ್ಸಾಯಿಬಾಶಿಯ ಗಿಟಾರಿನ ಅಂಗಡಿಗೆ ಹೋದೆವು. ನಿನ್ನ ಗಿಟಾರನ್ನು ಅವಳು ಬೆನ್ನಿಗೆ ಹಾಕಿಕೊಂಡಳು. ಭಾವನಿಗೆ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ, ಬರಬೇಡಿ ಎಂದರೂ ಕೇಳಲಿಲ್ಲ. ಅಂಗಡಿಯಲ್ಲಿ ನಮ್ಮನ್ನು ನೋಡಿಕೊಂಡವಳು ಕುಸಾಕಾಬೆ ಎಂಬ ಹುಡುಗಿ. ತುಟಿಗೆ ಬೆಳ್ಳಿಯ ಉಂಗುರ, ತೋಳಿನ ತುಂಬ ಹಚ್ಚೆಯ ಮೀನುಗಳು. ಇವಳಿಂದ ನಾವೇನು ತಿಳಿದುಕೊಳ್ಳುವುದು ಅಂದುಕೊಂಡೆ. ಆದರೆ ಅವಳು ಏನನ್ನೂ ಮಾರಲು ಹೊರಡದೆ, ಮೊದಲು ಮನೆಯ ಗಿಟಾರು ತೋರಿಸು ಎಂದಳು. ಅದನ್ನು ಅಂಗಡಿಯ ಆಂಪ್ಲಿಫೈಯರಿಗೆ ಸೇರಿಸಿ ನುಡಿಸಲು ಹೇಳಿ, ಕೈಕಟ್ಟಿಕೊಂಡು ಕೇಳಿದಳು. ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದಳು. ನಿನ್ನ ಮಗಳು ಅದರ ತಂತಿಗಳನ್ನು ತಪ್ಪದೆ ಬದಲಿಸುತ್ತಾಳೆ, ಮರಕ್ಕೆ ಎಣ್ಣೆ ಹಚ್ಚುತ್ತಾಳೆ. ಇದು ನಿನಗೆ ಗೊತ್ತಿರಲಿ.

ಮೊದಲು ಕೊಟ್ಟದ್ದು ಕೆಂಪು ಬಣ್ಣದ್ದು. ದನಿ ಏನೋ ಎದೆಗೆ ಗುದ್ದುವ ಹಾಗಿತ್ತು, ಆದರೆ ಅಕ್ಕಿಮೂಟೆಯ ಭಾರ. ಎರಡನೆಯದು ದೊಡ್ಡ ಹೊಟ್ಟೆಯದು, ಒಳಗೆ ಟೊಳ್ಳು. ನಿನ್ನ ಭಾವನಿಗೆ ಅದೇ ಮನಸ್ಸಿಗೆ ಬಂತು. ಇದರ ಬಣ್ಣ ನಮ್ಮಮ್ಮನ ಬೀರುವಿನದೇ, ಇದನ್ನೇ ತೆಗೆದುಕೊಳ್ಳೋಣ ಎಂದರು.

"ಮಾವ, ಬೀರು ಬೇಕಾದ್ರೆ ಬೇರೆ ಅಂಗಡಿಗೆ ಹೋಗೋಣ" ಎಂದಳು ಮಿನೋರಿ.

ಕುಸಾಕಾಬೆ ನಕ್ಕಳು. ಅದು ಜೋರಾಗಿ ನುಡಿಸಿದರೆ ಊಳಿಡುತ್ತದೆ, ನಿಮ್ಮ ಡ್ರಮ್ಮಿನ ಪಕ್ಕಕ್ಕೆ ಬೇಡ ಎಂದು ತಾನೇ ತೆಗೆದಿಟ್ಟಳು. ಆಮೇಲೆ ಒಂದರ ಮೇಲೊಂದು ಬಂದವು. ಒಂದು ಚೆನ್ನಾಗಿದೆ ಅನ್ನುವಷ್ಟರಲ್ಲಿ ಇನ್ನೊಂದು. ನಿನ್ನ ಗಿಟಾರಿನ ಹಾಗೆಯೇ ಇರುವ ಹೊಸದೊಂದನ್ನೂ ಮಿನೋರಿ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನುಡಿಸಿದಳು. ಇದು ನಿನ್ನ ಹತ್ತಿರ ಇರೋದರ ತಂಗಿ, ಅದೇ ದನಿಗೆ ಮತ್ತೆ ಯಾಕೆ ದುಡ್ಡು ಹಾಕುತ್ತೀಯ ಎಂದು ಕುಸಾಕಾಬೆ ಕೇಳಿದಳು. ಮಿನೋರಿಗೆ ಒಂದು ನಿರ್ಧಾರಕ್ಕೆ ಬರಲಾಗಲಿಲ್ಲ. ಮುಖ ಬಾಡಿತು. ನನಗೋ ಎಲ್ಲವೂ ಒಂದೇ ಥರ ಕೇಳಿಸುತ್ತಿತ್ತು. ಸಹಾಯ ಮಾಡೋಣವೆಂದರೆ ಏನೂ ತಿಳಿಯದು. ಆಗ ಕೈಚೀಲದಲ್ಲಿದ್ದ ನಿನ್ನ ಪತ್ರ ತೆಗೆದು, ನೀನು ಗಿಟಾರಿನ ಬಗ್ಗೆ ಬರೆದಿದ್ದ ಭಾಗವನ್ನು ಗಟ್ಟಿಯಾಗಿ ಓದಿಬಿಟ್ಟೆ. ಮೊದಲನೆಯದಕ್ಕೆ ಬಾರದ್ದನ್ನು ಎರಡನೆಯದು ಮಾಡಬೇಕು ಎಂದು ಬರೆದಿದ್ದೆಯಲ್ಲ, ಅದು. ಮೊದಲನೆಯದರ ದನಿ ತೆಳು, ಆದ್ದರಿಂದ ದಪ್ಪ ದನಿಯದನ್ನು ನೋಡಿ, ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ ಎಡಗೈ ದಾರಿ ತಪ್ಪಬಾರದು, ಗಿಟಾರಿನ ಕುತ್ತಿಗೆಯನ್ನು ಹಿಡಿದು ನೋಡುವ ಮೊದಲು ಬಣ್ಣ ನೋಡಬೇಡಿ ಎಂಬುದು. ಕೊನೆಗೆ, ಅವಳ ಭುಜ ಚಿಕ್ಕದು, ಭಾರದ್ದು ಬೇಡ ಎಂಬುದು.

"ಆಗ ಚಿಕ್ಕದಿತ್ತು" ಎಂದಳು ಮಿನೋರಿ, ಗಿಟಾರಿನ ಕಡೆ ನೋಡುತ್ತಲೇ.

ಕುಸಾಕಾಬೆ ಕೇಳಿದಳು, "ಇದನ್ನ ಬರೆದಿರೋರು ನುಡಿಸೋರಾ? ಸರಿಯಾಗಿ ಹೇಳಿದಾರೆ."

ಊರಿನಲ್ಲಿದ್ದಾರೆ, ಕೆಲಸದ ಮೇಲೆ ದೂರ ಹೋಗಿದ್ದಾರೆ, ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮಗಳೇ ಹೇಳಿದಳು.

"ನಮ್ಮಪ್ಪ. ಜೈಲಲ್ಲಿದಾರೆ. ಕುಡಿದು ಗಾಡಿ ಓಡಿಸಿ ಒಬ್ಬರನ್ನ ಸಾಯಿಸಿದ್ರು."

ಪಕ್ಕದಲ್ಲಿ ಯಾರೋ ನುಡಿಸುತ್ತಿದ್ದವನು ನಿಲ್ಲಿಸಿದ. ನಿನ್ನ ಭಾವ ಕೂತಿದ್ದ ಸ್ಟೂಲಿನಿಂದ ಎದ್ದು ನಿಂತರು, ಎದ್ದು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು. ಕುಸಾಕಾಬೆ ಮಾತ್ರ ಮುಖ ತಿರುಗಿಸಲಿಲ್ಲ. "ಹೌದಾ. ಹಾಗಾದ್ರೆ ತುಂಬಾ ದಿನದಿಂದ ಮುಟ್ಟೇ ಇರಲ್ಲ. ಮರೆತಿಲ್ಲ ನೋಡಿ" ಎಂದು ಹೇಳಿ ಒಳಗೆ ಹೋದಳು.

ಒಳಗಿನಿಂದ ತಂದದ್ದು ಗಾಢ ಕಂದು ಬಣ್ಣದ, ಯಾರೋ ಬಳಸಿ ಬಿಟ್ಟ ಗಿಟಾರು. ಅಂಚೆಲ್ಲ ಸವೆದು ಮರ ಕಾಣುತ್ತಿತ್ತು. ಮೈ ತೆಳು, ಭಾರವಿಲ್ಲ. ತಂತಿಯ ಕೆಳಗಿನ ಪಿಕಪ್ಪುಗಳು ಮಾತ್ರ ನಿನ್ನದಕ್ಕಿಂತ ಎರಡರಷ್ಟು ಅಗಲ, ದಪ್ಪ ದನಿ ಅಲ್ಲಿಂದಲೇ ಬರುವುದಂತೆ. ಮಿನೋರಿ ಬಣ್ಣ ನೋಡಲಿಲ್ಲ. ಕಣ್ಣು ಮುಚ್ಚಿ ಕುತ್ತಿಗೆಯ ಮೇಲೆ ಕೈ ಓಡಿಸಿದಳು. ಆಮೇಲೆ ಒಂದೇ ಸ್ವರಮಾಲೆಯನ್ನು ನಿನ್ನದರಲ್ಲಿ ಒಮ್ಮೆ, ಇದರಲ್ಲಿ ಒಮ್ಮೆ ನುಡಿಸಿದಳು. ಆಗ ನನ್ನಂಥವಳ ಕಿವಿಗೂ ತಿಳಿಯಿತು. ನಿನ್ನದು ಬೆಳಗ್ಗೆ ಕಿಟಕಿ ತೆರೆದ ಹಾಗೆ, ಇದು ಒಳಕೋಣೆಯಲ್ಲಿ ಕೂತು ಯಾರೋ ತಗ್ಗಿದ ದನಿಯಲ್ಲಿ ಮಾತಾಡಿದ ಹಾಗೆ. ಒಂದಾದ ಮೇಲೆ ಇನ್ನೊಂದು ಕೇಳಿದರೆ ಎರಡೂ ಇನ್ನಷ್ಟು ಚೆನ್ನ.

"ಇದೇ ಇರಲಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಗಿಟಾರಿನ ವಿಷ್ಯದಲ್ಲಿ ಅಪ್ಪ ಹೇಳೋದು ಯಾವಾಗ್ಲೂ ಸರಿ ಇರತ್ತೆ" ಎಂದಳು.

ದುಡ್ಡು ಅವಳೇ ಕೊಟ್ಟಳು, ಬ್ರೆಡ್ಡಿನ ಅಂಗಡಿಯಲ್ಲಿ ಸಂಜೆ ದುಡಿದು ಕೂಡಿಟ್ಟದ್ದು. ನಾನು ಬೇಡವೆಂದೆ. ಅಪ್ಪನ ಆಂಪ್ಲಿಫೈಯರ್ ಮಾರಬೇಡಿ, ಬಂದ ಮೇಲೆ ಅವರಿಗೆ ಬೇಕಾಗುತ್ತದೆ ಎಂದಳು. ತೆತ್ಸು, ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಉದೋನ್ ತಿನ್ನಲು ಕೂತಾಗ ಬಟ್ಟಲಿನ ಹಬೆಯ ಹಿಂದೆ ಕಣ್ಣು ಒರೆಸಿಕೊಂಡೆ.

ಊರಿನ ಸುದ್ದಿ ಹೆಚ್ಚೇನಿಲ್ಲ. ಈ ಸಲವೂ ನಿನ್ನ ಗಾಡಿಗೆ ಸಿಕ್ಕಿ ತೀರಿಕೊಂಡ ಆ ಅಜ್ಜನ ಸಮಾಧಿಗೆ ಸೇವಂತಿಗೆ ಇಟ್ಟು ಬಂದೆ. ಅವರ ಮನೆಯವರು ಬಂದುಹೋದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಹೋಗಿದ್ದೆ. ಆದರೂ ದಾರಿಯಲ್ಲಿ ಅವರ ಮೊಮ್ಮಗಳು ಎದುರಾದಳು, ಮಿನೋರಿಯ ತರಗತಿಯಲ್ಲಿ ಅವಳ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳಲ್ಲ, ಅವಳೇ. ಎಷ್ಟು ಎತ್ತರ ಬೆಳೆದಿದ್ದಾಳೆ. ನಾನು ತಲೆ ಬಾಗಿಸಿದೆ. ಅವಳೂ ಬಾಗಿಸಿದಳು. ಯಾರೆಂದು ಗೊತ್ತಾಗಿ ಬಾಗಿಸಿದಳೋ, ವಯಸ್ಸಾದವಳೆಂದು ಬಾಗಿಸಿದಳೋ ತಿಳಿಯಲಿಲ್ಲ.

ಕಳೆದ ಭಾನುವಾರ ಮಿನೋರಿಯ ತಂಡದ ಕಾರ್ಯಕ್ರಮವಿತ್ತು, ಸ್ಟೇಶನ್ನಿನ ಹಿಂದಿನ ಒಂದು ನೆಲಮಾಳಿಗೆಯಲ್ಲಿ. ಎಲ್ಲ ಹುಡುಗರ ನಡುವೆ ನಾವಿಬ್ಬರೇ ಬಿಳಿಗೂದಲಿನವರು. ನಿನ್ನ ಭಾವ ಕಿವಿಗೆ ಹತ್ತಿ ತುರುಕಿಕೊಂಡು, ಸೊಂಟ ಹಿಡಿದುಕೊಂಡು, ಕೊನೆಯವರೆಗೂ ನಿಂತೇ ಇದ್ದರು. ಮೆಲ್ಲನೆಯ ಹಾಡುಗಳಿಗೆ ನಿನ್ನ ಗಿಟಾರು, ಜೋರಿನವಕ್ಕೆ ಹೊಸದು. ನಡುವೆ ಒಂದನ್ನು ಇಳಿಸಿ ಇನ್ನೊಂದನ್ನು ಹಾಕಿಕೊಳ್ಳುವಾಗ ಅವಳು ಅವಸರ ಮಾಡಲಿಲ್ಲ. ಕೂದಲನ್ನು ಕಿವಿಯ ಹಿಂದೆ ಸರಿಸಿ ಒಮ್ಮೆ ಉಸಿರು ಬಿಟ್ಟಳು, ಥೇಟ್ ನಿನ್ನ ಹಾಗೆ. ನೀನು ಅಲ್ಲಿ ಇರಬೇಕಿತ್ತು. ಬೈಯುವುದಕ್ಕೆ ಹೇಳುತ್ತಿಲ್ಲ. ಇರಬೇಕಿತ್ತು, ಅಷ್ಟೇ.

ವಸಂತದಲ್ಲಿ ನಿನ್ನನ್ನು ಬಿಡಬಹುದೆಂದು ಬರೆದಿದ್ದೀಯ. ನಮ್ಮ ಮನೆಗೇ ಬರುತ್ತೀಯೆಂದು ಇಲ್ಲಿಗೆ ವಿಚಾರಿಸಲು ಬಂದವರಿಗೂ ಹೇಳಿದ್ದೇನೆ. ಅಟ್ಟದ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸುತ್ತೇನೆ. ಅನ್ನ ಹೊಟ್ಟೆ ತುಂಬ ತಿನ್ನು. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿಕೊಂಡಿರು. ಅಮ್ಮ ಇದ್ದಿದ್ದರೆ ನಿನಗಾಗಿ ಏನೇನು ಬೇಡಿಕೊಳ್ಳುತ್ತಿದ್ದಳೋ ಅದನ್ನೆಲ್ಲ ಅವಳ ಪರವಾಗಿ ನಾನೇ ಬೇಡಿಕೊಳ್ಳುತ್ತೇನೆ. ನಿನಗೆ ಒಳ್ಳೆಯದಾಗಲಿ, ಮಗುವೇ.

ಇಂತಿ,
ನಿನ್ನ ಅಕ್ಕ
ಫುಸಾಎ

ವಿ.ಸೂ.: ಮೇಲಿನದನ್ನು ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಹೇಳಬೇಕಾದ್ದನ್ನೇ ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ.

ಆ ಭಾನುವಾರ ಹಾಡುವ ಹುಡುಗ ತಂಡದವರನ್ನು ಒಬ್ಬೊಬ್ಬರಾಗಿ ಪರಿಚಯಿಸಿದ. ನಿನ್ನ ಮಗಳ ಸರದಿ ಬಂದಾಗ 'ಗಿಟಾರ್, ಹಟಾನೊ ಮಿನೋರಿ' ಎಂದ. ನಿನ್ನ ಭಾವನ ಮನೆತನದ ಹೆಸರು. ನಿನ್ನ ಹೆಸರಾದ ವಾಕುಯಿ ಎನ್ನಲಿಲ್ಲ. ನಾವು ಇಬ್ಬರೂ ಮುಖಮುಖ ನೋಡಿಕೊಂಡೆವು.

ಮನೆಗೆ ಬಂದು ಅವಳೇ ಮಾತು ತೆಗೆದಳು. ಹದಿನೆಂಟು ತುಂಬಿದ ಮೇಲೆ ಯಾರ ಅಪ್ಪಣೆಯೂ ಬೇಕಾಗಿಲ್ಲವಂತೆ, ನಾವಿಬ್ಬರು ಒಪ್ಪಿದರೆ ಸಾಕಂತೆ. ನಮಗೆ ದತ್ತುಮಗಳಾಗುತ್ತಾಳಂತೆ. ನಿನ್ನ ಮೇಲೆ ಕೋಪವೇ ಎಂದು ಕೇಳಿದೆ.

"ಕೋಪ ಇಲ್ಲ ಅತ್ತೆ. ಇದ್ದಿದ್ರೆ ಎಷ್ಟೋ ವಾಸಿ ಇತ್ತು. ಯಾರಾದ್ರೂ ಹೆಸರು ಕೇಳಿದಾಗ, ಹೇಳೋಕೆ ಮುಂಚೆ ಒಂದು ಸಲ ಉಸಿರು ಬಿಗಿ ಹಿಡೀತೀನಿ. ಅದು ಸಾಕಾಗಿದೆ."

ಅಂಗಡಿಯಲ್ಲಿ ಅಷ್ಟು ಧೈರ್ಯವಾಗಿ ಹೇಳಿದೆಯಲ್ಲ ಎಂದೆ. ಅವತ್ತು ಹೇಳಿ ನೋಡಿದೆ, ಹೇಳಿದರೂ ಹಗುರವಾಗಲಿಲ್ಲ ಎಂದಳು. ಏಪ್ರಿಲಿನಲ್ಲಿ ಓದಲು ನಗೋಯಾಕ್ಕೆ ಹೋಗುತ್ತಾಳೆ. ಅಲ್ಲಿ ಮೊದಲ ದಿನದಿಂದಲೇ ಹಟಾನೊ ಆಗಿರಬೇಕಂತೆ. ನೀನು ಬರುವ ದಿನ ಅವಳು ಇಲ್ಲಿರುವುದಿಲ್ಲ. ನಿನ್ನನ್ನು ಕರೆತರಲು ನಾನೊಬ್ಬಳೇ ಬರುತ್ತೇನೆ.

ಆಗುವುದಿಲ್ಲ ಎಂದರೆ ಅವಳು ನಮ್ಮನ್ನೂ ಬಿಟ್ಟು ಎಲ್ಲಿಗೋ ಹೋಗಿಬಿಡುತ್ತಾಳೆ. ಆಗಲಿ ಎಂದರೆ, ತಾಯಿಯಿಲ್ಲದ ಕೂಸನ್ನು ಒಬ್ಬನೇ ಸಾಕಿದ ನನ್ನ ತಮ್ಮನ ಕೈಯಿಂದ ನಾನೇ ಕಿತ್ತುಕೊಂಡ ಹಾಗೆ. ಲಾಂಡ್ರಿಯಲ್ಲಿ ಕೋಟುಗಳಿಗೆ ಚೀಟಿ ಕಟ್ಟುತ್ತ ಕಟ್ಟುತ್ತ ಇದನ್ನೇ ಯೋಚಿಸಿದೆ, ಯಾರದೋ ಕೋಟನ್ನು ಯಾರಿಗೋ ಕೊಟ್ಟು ಬೈಸಿಕೊಂಡೆ. ನಿನ್ನ ಭಾವನನ್ನು ಕೇಳಿದರೆ ಅವರು ಸ್ನಾನದ ಕೋಣೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಕೂತರು. ಕಣ್ಣು ಕೆಂಪಾಗಿಸಿಕೊಂಡು ಬಂದರು. ನಮಗೆ ಮಕ್ಕಳಾಗಲಿಲ್ಲವಲ್ಲ. ಅವರಿಗೆ ಸಂತೋಷವಾಗಿದೆ, ತೆತ್ಸು. ಇದನ್ನು ನಿನಗೆ ಬರೆಯಬಾರದು, ಆದರೆ ಮುಚ್ಚಿಡಲೂ ಆಗುತ್ತಿಲ್ಲ.

ನಿನ್ನ ಉತ್ತರ ಬರುವವರೆಗೆ ಕಾಯೋಣ ಎಂದು ಅವಳಿಗೆ ಹೇಳಬೇಕೆಂದಿದ್ದೆ. ನಿನ್ನೆ ಅವಳು ತಿಂಡಿ ತಿನ್ನುವಾಗ ಮತ್ತೆ ಕೇಳಿದಳು. ಅವಳ ಮುಖ ನೋಡಿದೆ. ಆಗಲಿ ಎಂದುಬಿಟ್ಟೆ.

ಎಷ್ಟು ಬೇಕಾದರೂ ಬೈದು ಬರಿ. ಬರೆಯದೆ ಮಾತ್ರ ಇರಬೇಡ.