ಹೊಸ್ತಿಲಾಚೆ ನಿಂತವನು

ಅಕ್ಕಾ,
ಹುಡುಗನನ್ನು ನೋಡಿ ತಿಳಿಸು ಎಂದಿದ್ದೆಯಲ್ಲ, ನೋಡಿದೆ. ನಿನ್ನ ಮಗಳು ದ್ರಾಕ್ಷಾಯಿಣಿ ಹೇಳಿದ್ದು ನಿಜ, ಅವನು ರಕ್ತ ಕುಡಿದು ಬದುಕುವವನೇ. ನಿನ್ನೆ ಹೊತ್ತು ಮುಳುಗಿದ ಮೇಲೆ ಗೋವಾದ ಈ ನಮ್ಮ ಚಿಂಬಲ್ ಖೋಲಿಗೆ ಬಂದ. ಮನೆಯವರು ಕರೆಯದೆ ಅಂಥವರು ಹೊಸ್ತಿಲು ದಾಟಲಾರರಂತೆ. ಕರೆಯಬಾರದೆಂದೇ ಕೂತಿದ್ದೆ.

"ಮಾಮಾ, ಬಾಗಲಾಗ ನಿಂತಾರ, ನೀರರ ಕೇಳು" ಎಂದಳು ನಿನ್ನ ಮಗಳು.

ತಂಬಿಗೆ ಕೈಗೆ ಬಂದೊಡನೆ ರೂಢಿಯ ಮಾತೂ ಬಾಯಿಗೆ ಬಂತು: "ಬರ್ರಿ ಒಳಗ."

ಕನ್ನಡಿಯಲ್ಲಿ ಅವನ ಮುಖ ಮೂಡುವುದಿಲ್ಲ, ಅದಕ್ಕೆ ಅವಳೇ ಅವನ ತಲೆ ಬಾಚಿದಳು. "ಬೈತಲಿ ಸೊಟ್ಟ ಆತೇನ್ರಿ?" ಎಂದು ಅವನು ನನ್ನನ್ನು ಕೇಳಿದ.

ಅವಳು ದುಡಿಯುವ ವೆರ್ಣಾ ಕಾರ್ಖಾನೆಯ ತಪಾಸಣೆಯಲ್ಲಿ ಅವಳ ರಕ್ತ ಹನ್ನೆರಡು ಇದೆ, ಕಡಿಮೆಯಾಗಿಲ್ಲ. ನನ್ನ ಒಪ್ಪಿಗೆ ಇದೆ. ನೀನೂ ಒಪ್ಪಿದರೆ ಸ್ವಾಮಿಗಳ ಹತ್ತಿರ ಗೋಧೂಳಿ ಮುಹೂರ್ತವನ್ನೇ ಕೇಳು, ಬಿಸಿಲು ಅವನಿಗೆ ಆಗುವುದಿಲ್ಲ.

ಕಂಪನಿ ಬಸ್ಸು ಬಂತು.
ಪರಮಣ್ಣ