ಹೊಸೆಲೀತೋನಿಗೆ ಕೊಟ್ಟ ಹೆಗಲು

ಸೆಂಗ್‌ಕಾಂಗ್, ಸಿಂಗಪುರ
೮ ಮಾರ್ಚ್ ೨೦೨೬

ಚಿ. ಸೌ. ಅನಘಾಳಿಗೆ ನಿನ್ನ ಮಾವ ದ್ವಾರಕನಾಥನು ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ನಾನೂ, ನನ್ನ ಮಗಳು ಶೋಭಾಳ ಮನೆಯವರೂ ಕ್ಷೇಮ. ಮೈಸೂರಿನಲ್ಲಿ ನೀನೂ ನಿನ್ನ ತಂದೆತಾಯಿಗಳೂ ಕ್ಷೇಮವೆಂದು ನಂಬಿದ್ದೇನೆ. ಪ್ರವಾಸದಿಂದ ಮರಳಿದ ಕೂಡಲೇ ವರದಿ ಒಪ್ಪಿಸುವುದಾಗಿ ಮಾತು ಕೊಟ್ಟವನು ಇಷ್ಟು ವಿಳಂಬ ಮಾಡಿದ್ದಕ್ಕೆ ಮನ್ನಿಸತಕ್ಕದ್ದು. ಲೇಖನಿಯು ಒಕ್ಕಣೆಯಲ್ಲಿಯೇ ನಿಂತುಬಿಟ್ಟಿತ್ತು. ನಿನ್ನ ಹೆಸರಿನ ಮುಂದೆ ‘ಸೌ.’ ಎಂದು ಬರೆಯಲು ನನಗೆ ಈಗ ಅಧಿಕಾರವಿಲ್ಲವೆಂದು ಸಂಪ್ರದಾಯ ಬಲ್ಲವರು ಹೇಳಿಯಾರು. ಮಗ ಕೌಶಿಕನ ವರ್ಷಾಬ್ದಿಕ ಕಳೆದ ಮೇಲೂ ಆ ಒಂದು ಅಕ್ಷರವನ್ನು ಬಿಡಲು ನನ್ನ ಕೈ ಒಪ್ಪಲಿಲ್ಲ. ಆಕ್ಷೇಪಣೆ ಇರುವವರು ನನ್ನಲ್ಲಿಗೆ ಬರಲಿ.

ನೀನು ವಹಿಸಿದ ಕಾರ್ಯವನ್ನು ಮೊದಲು ಜ್ಞಾಪಿಸಿಕೊಳ್ಳುತ್ತೇನೆ. ಇಲ್ಲಿಯ ಬಿಶಾನ್ ಬಡಾವಣೆಯ ನೃತ್ಯ ತರಗತಿಯಲ್ಲಿ ನೀವು ದಂಪತಿಗಳು ಕೊಲಂಬಿಯಾ ದೇಶದ ಕುಂಬಿಯಾ ನೃತ್ಯವನ್ನು ಕಲಿತಿರಿ. ಆಗ ತಾನು ಕೊರಳಿಗೆ ಕಟ್ಟುತ್ತಿದ್ದ ಕೆಂಪು ವಸ್ತ್ರವನ್ನು, ಎಂದಾದರೊಂದು ದಿನ ಬರಾಂಕೀಯ ನಗರದ ಕಾರ್ನಿವಲ್ ಉತ್ಸವದಲ್ಲಿ ಕುಣಿದು, ಅಲ್ಲಿಯೇ ಬಿಟ್ಟು ಬರುವುದು ಕೌಶಿಕನ ಆಸೆಯಾಗಿತ್ತು. ಅದನ್ನು ನನ್ನ ಕೈಗಿಟ್ಟು ತವರಿಗೆ ಹೊರಟ ದಿನ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ.

“ನನ್ನಿಂದ ಆಗಲ್ಲ ಮಾವ. ಆ ಡ್ರಮ್ಸ್ ಕೇಳಿದ್ರೆ ಕಾಲು ತಾನಾಗೇ ಸ್ಟಾರ್ಟ್ ಆಗ್ಬಿಡತ್ತೆ, ಪಕ್ಕಕ್ಕೆ ತಿರುಗಿದ್ರೆ ಅವರಿರಲ್ಲ. ನೀವೇ ಹೋಗಿ ಬಿಟ್ಟು ಬನ್ನಿ. ಒಗೆದು ತಗೊಂಡು ಹೋಗಿ, ಬೆವರು ವಾಸನೆ ಇದೆ. ಅದು ಅಲ್ಲಿಗೆ ಸೇರಿದ್ರೆ ನಾನೂ ಮುಂದಿನ ಹೆಜ್ಜೆ ಇಡ್ತೀನಿ.”

ಈ ಮುದುಕ ಭೂಮಿಯ ಆ ಮಗ್ಗುಲಿಗೆ ಹೋದದ್ದು ಆ ಒಂದು ಮಾತಿಗಾಗಿ. ಕೌಶಿಕನ ಗೆಳೆಯ ದಿವಾಕರ ರಜೆ ಹಾಕಿ ಜೊತೆಗೆ ಬಂದನು.

ಆ ಊರಿನಲ್ಲಿ ಬಿಸಿಲು ನಮ್ಮ ಸಿಂಗಪುರದ್ದೇ, ಆದರೆ ಜನರು ಬೇರೆ. ಅಪರಿಚಿತರ ಮುಖಕ್ಕೆ ಮೆಕ್ಕೆಜೋಳದ ಹಿಟ್ಟು ಎರಚುವುದು ಅಲ್ಲಿ ಸ್ನೇಹದ ಲಕ್ಷಣ. ಕೆಂಪು, ಹಳದಿ ವೇಷಗಳ ನಡುವೆ ಉದ್ದ ಮೂಗು, ಬೀಸುಗಿವಿಗಳ ಮುಖವಾಡ ತೊಟ್ಟವನೊಬ್ಬ ಎದುರಾದಾಗ, ವಿಘ್ನೇಶ್ವರನೇ ಬಂದನೆಂದು ತಿಳಿದು ನಾನು ಭಕ್ತಿಯಿಂದ ಕೈ ಮುಗಿದೆನು. ಆತ ಪೀಪಿ ಊದಿ ನನ್ನ ಹೊಟ್ಟೆ ತಿವಿದು ಓಡಿದನು.

“ಅಯ್ಯೋ ಅಂಕಲ್, ಅದು ಗಣಪತಿ ಅಲ್ಲ!” ಎಂದು ದಿವಾಕರ ಬಿದ್ದು ಬಿದ್ದು ನಕ್ಕನು. “ದೊಡ್ಡ ಆಫೀಸರ್‌ಗಳನ್ನ ಕಿಚಾಯ್ಸೋಕೆ ಅಂತಾನೇ ಇರೋ ವೇಷ. ನೀವು ರಿಟೈರ್ಡ್ ಆಫೀಸರ್ ಅಂತ ನೋಡಿದ ತಕ್ಷಣ ಗುರುತು ಹಿಡಿದುಬಿಟ್ಟ ನೋಡಿ!”

ಕುಂಬಿಯಾವನ್ನೂ ಕಣ್ಣಾರೆ ಕಂಡೆನು. ದೊಡ್ಡ ಡೋಲು ಎದೆಯೊಳಗೆ ಬಡಿದಂತೆ ಕೇಳುತ್ತದೆ. ಅದರ ಮೇಲೆ ಒಂದು ಉದ್ದನೆಯ ಕೊಳಲು ಅಳುವೋ ನಗುವೋ ತಿಳಿಯದ ಹಾಗೆ ಸಾಗುತ್ತದೆ. ಹೆಂಗಸು ಉರಿಯುವ ಮೇಣದಬತ್ತಿಗಳ ಕಟ್ಟನ್ನು ಎತ್ತಿ ಹಿಡಿದು ನೆಲ ಬಿಡದೆ ಜಾರುವಂತೆ ನಡೆಯುತ್ತಾಳೆ. ಗಂಡಸು ಟೋಪಿಯನ್ನು ಕೈಯಲ್ಲಿ ಹಿಡಿದು, ಮೈ ಸೋಕದಂತೆ ಅವಳನ್ನು ಸುತ್ತುತ್ತಾನೆ. ದೀಪಾವಳಿಯಂದು ನಮ್ಮ ಕಟ್ಟಡದ ಕೆಳಗಿನ ತೆರೆದ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ ನೀವಿಬ್ಬರೂ ಹೀಗೆ ಕುಣಿದಾಗ, ಗಂಡಹೆಂಡಿರು ಮುಟ್ಟದೆ ಕುಣಿಯುವುದು ಯಾವ ಶಾಸ್ತ್ರವೆಂದು ನಾನು ಕೇಳಿದ್ದುಂಟು. “ಮುಟ್ಟಿಬಿಟ್ರೆ ಡ್ಯಾನ್ಸ್ ಮುಗಿದುಹೋಗತ್ತೆ ಅಪ್ಪ. ಆಕ್ಷೇಪಣೆ ಇದ್ರೆ ಒಂದು ಅರ್ಜಿ ಹಾಕಿ,” ಎಂದಿದ್ದನು ಕೌಶಿಕ. ಅಲ್ಲಿಯ ಹೆಂಗಸರ ಸುತ್ತ ಸುತ್ತುವ ಟೋಪಿಗಳನ್ನು ನೋಡುತ್ತ, ನಡುವೆ ಒಬ್ಬಳು ಮೇಣದಬತ್ತಿ ಹಿಡಿದು ಒಂಟಿಯಾಗಿ ನಿಂತಿರುವಂತೆ ನನಗೆ ಭಾಸವಾಗುತ್ತಿತ್ತು. ವಸ್ತ್ರವನ್ನು ಜೇಬಿನಿಂದ ತೆಗೆಯಲಾಗಲಿಲ್ಲ.

ಉತ್ಸವದ ಕೊನೆಯ ಅಪರಾಹ್ನ ಬೀದಿಯಲ್ಲಿ ಒಂದು ಶವಯಾತ್ರೆ ಬಂದಿತು. ಚಟ್ಟದ ಮೇಲೆ ಹೂಗಳ ನಡುವೆ ಒಬ್ಬ ಯುವಕ. ಹಿಂದೆ ಕಪ್ಪು ಬಟ್ಟೆ ತೊಟ್ಟು ಎದೆ ಬಡಿದುಕೊಳ್ಳುವ ಹೆಂಗಸರು. “ಹೊಸೆಲೀತೋ, ನಮ್ಮನ್ನು ಬಿಟ್ಟು ಹೋದೆಯಾ” ಎಂಬಂತೆ ಗೋಳು. ಹಿಟ್ಟು ಕವಿದು ನನ್ನ ಕನ್ನಡಕ ಮಸುಕಾಗಿತ್ತು. ಪರದೇಶದಲ್ಲಿಯಾದರೂ ಹೆಣ ಹೆಣವೇ. ಎದುರಾದರೆ ನಾಲ್ಕು ಹೆಜ್ಜೆ ನಡೆಯುವುದು ನಮ್ಮ ಮನೆತನದ ಪದ್ಧತಿ. ಪಾದರಕ್ಷೆ ಕಳಚಿಟ್ಟು, ಮುಂದೆ ಹೋಗಿ ಹೆಗಲು ಕೊಟ್ಟೆನು.

ಅನಘಾ, ಇಲ್ಲಿ ಮಂಡಾಯ್ ಚಿತಾಗಾರದಲ್ಲಿ ಕೌಶಿಕನ ಪೆಟ್ಟಿಗೆ ಯಂತ್ರದ ಗಾಡಿಯ ಮೇಲೆ ತಾನಾಗಿಯೇ ಸರಿದುಹೋದದ್ದನ್ನು ನಾವು ಗಾಜಿನ ಈಚೆ ನಿಂತು ನೋಡಿದ್ದೆವು. ಯಾರ ಹೆಗಲನ್ನೂ ಅದು ಕೇಳಲಿಲ್ಲ. ಆ ಬೀದಿಯಲ್ಲಿ ಭಾರ ನನ್ನ ಹೆಗಲಿಗೆ ಬಂದೊಡನೆ, ಅಂದು ಬಾರದ ಅಳು ಬಂದಿತು. ಚಟ್ಟವನ್ನು ಇಳಿಸಿದಾಗ ಜೇಬಿನಲ್ಲಿದ್ದ ಸದರಿ ವಸ್ತ್ರವನ್ನು ತೆಗೆದು ಆ ಮೃತನ ಕೊರಳಿಗೆ ಕಟ್ಟಿದೆನು. ಇದಕ್ಕಿಂತ ತಕ್ಕ ಸ್ಥಳ ದೊರೆಯದೆಂದು ನನಗೆ ತೋರಿತು.

“ಅಂಕಲ್, ಅಂಕಲ್, ಅಳಬೇಡಿ! ಇದು ಡ್ರಾಮಾ ಅಂಕಲ್!” ಎಂದು ದಿವಾಕರ ಗುಂಪನ್ನು ಸೀಳಿಕೊಂಡು ಬಂದನು. ಹೊಸೆಲೀತೋ ಎಂಬುದು ಆ ಉತ್ಸವದ ಸಂಭ್ರಮಕ್ಕೇ ಮನುಷ್ಯರೂಪದಲ್ಲಿ ಕೊಟ್ಟ ಹೆಸರಂತೆ. ಕುಡಿದು ಕುಣಿದು ಕೊನೆಯ ದಿನ ಸಾಯುತ್ತಾನೆ; ಊರೆಲ್ಲ ಸುಳ್ಳು ಸುಳ್ಳೇ ಅಳುತ್ತದೆ. ಅಷ್ಟರಲ್ಲಿ ನನ್ನ ತೋಳು ಹಿಡಿದಿದ್ದ ವಿಧವೆಯೊಬ್ಬಳಿಗೆ ಮೀಸೆ ಇರುವುದು ಕಂಡಿತು. ಹೆಣ ಕಣ್ಣು ತೆರೆದು ಎದ್ದು ಕುಳಿತು, ಸಾರಾಯಿಗಾಗಿ ಕೈ ಚಾಚಿತು. ಜನರೆಲ್ಲ ಕೇಕೆ ಹಾಕಿ ನಕ್ಕರು. ಮುಂದಿನ ವರ್ಷ ಆತ ಮರಳಿ ಬರುತ್ತಾನಂತೆ. ಪ್ರತಿ ವರ್ಷವೂ ಬರುತ್ತಾನಂತೆ.

ಈ ಪ್ರಕಾರ ನೀನು ವಹಿಸಿದ ಕಾರ್ಯ ನೆರವೇರಿದೆ. ವಸ್ತ್ರ ಅಲ್ಲಿಗೆ ಸೇರಿದೆ. ಇನ್ನು ನೀನು ಆಡಿದ ಮಾತಿನಂತೆ ನಡೆಯತಕ್ಕದ್ದು. ಡೋಲು ಕೇಳಿ ಕಾಲು ಎದ್ದರೆ ತಡೆಯಬೇಡ. ಪಕ್ಕದಲ್ಲಿ ಬೇರೊಬ್ಬರು ಬಂದು ನಿಂತರೆ ನನ್ನ ಮುಖ ನೆನೆದು ಹಿಂಜರಿಯಬೇಡ. ನಿನ್ನ ಹೆಸರಿನ ಮುಂದಿನ ಅಕ್ಷರವನ್ನು ನಾನು ಉಳಿಸಿಕೊಂಡದ್ದು ಅದಕ್ಕಾಗಿಯೇ. ದೀರ್ಘಾಯುಷ್ಯವೂ ನೆಮ್ಮದಿಯೂ ನಿನ್ನದಾಗಲಿ.

ಇಂತು ನಿನ್ನ ಮಾವ,
ದ್ವಾರಕನಾಥ

ತಾ.ಕ.: ವರದಿಯಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆನು. ಎದ್ದವನು ಕೆಂಪು ವಸ್ತ್ರ ಕಟ್ಟಿಕೊಂಡೇ, ನನಗೆ ಬೆನ್ನು ಮಾಡಿ, ಕುಣಿಯುತ್ತ ಜನರೊಳಗೆ ಹೋದನು. ನಾನು ಬರಿಗಾಲಿನಲ್ಲಿ ಬೆನ್ನಟ್ಟಿದೆನು. “ಕೌಶಿಕಾ, ನಿಂತ್ಕೊಳ್ಳೋ, ಕೊಟ್ಬಿಡೋ ಅದನ್ನ” ಎಂದು ಕೂಗಿದೆನು. ನಾನೂ ನಾಟಕದವನೆಂದು ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಅವನು ತಿರುಗಿ ನೋಡಲಿಲ್ಲ. ಇಲ್ಲಿ ಮನೆಯಲ್ಲಿ ಕೌಶಿಕನ ಬಟ್ಟೆಗಳನ್ನೆಲ್ಲ ಶೋಭಾ ಎಂದೋ ಒಗೆದು ಮಡಿಸಿಟ್ಟಿದ್ದಾಳೆ. ಬೆವರು ವಾಸನೆಯಿರುವ ಆ ವಸ್ತ್ರವನ್ನೂ ಒಗೆದು ಒಯ್ಯಬೇಕೆಂದು ನೀನು ಹೇಳಿದ್ದೆ. ಅನಘಾ, ಅದೊಂದನ್ನು ನಾನು ಒಗೆದಿರಲಿಲ್ಲ.