ತಪ್ಪು ಕಾಣಿಕೆಯಿಂದ ಮುಚ್ಚಿಹೋದ ದೂರು

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯರೇ,

ಹತ್ತು ವರ್ಷದ ಹುಡುಗಿಯೊಬ್ಬಳನ್ನು, ಅವಳ ಬೆನ್ನಿನಲ್ಲಿ ಬಾಸುಂಡೆ ಎಬ್ಬಿಸಿದ ಸೋದರಮಾವನ ಮನೆಗೇ ಶಾಲೆ ತೆರೆಯುವ ಮೊದಲು ವಾಪಸು ಕಳುಹಿಸಬೇಕೆಂದು ತಾವು ತೀರ್ಮಾನಿಸಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ. ಮಾವ ಊರಿನ ದೈವಸ್ಥಾನದಲ್ಲಿ ತಪ್ಪು ಕಾಣಿಕೆ ಹಾಕಿ ಕೈಮುಗಿದಿದ್ದಾರೆ, ಮನೆಯವರು ರಾಜಿಯಾಗಿದ್ದಾರೆ, ಮಗುವೂ ಒಪ್ಪಿದ್ದಾಳೆ. ದೂರು ಮುಕ್ತಾಯ. ಇಷ್ಟು ಬೇಗ ಕೆಲಸ ಮುಗಿಸುವ ಸರಕಾರಿ ಕಚೇರಿಯನ್ನು ನಾನು ಈವರೆಗೆ ಕಂಡಿರಲಿಲ್ಲ.

ಮಗುವಿನ ಹೆಸರು ಬರೆಯುವುದಿಲ್ಲ. ಗುರುತು ಸಿಗದಂತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಕಾನೂನು ಹಾಗೆ ಹೇಳುತ್ತದೆ. ಬೇರೆ ಕೆಲಸಕ್ಕೆ ಬಂದವರೆಲ್ಲ ಕೇಳುವಂತೆ, "ಆ ಪೆಟ್ಟಿನ ಕೇಸಿನ ಹುಡುಗಿ ಯಾರು?" ಎಂದು ತಮ್ಮ ವರಾಂಡದಲ್ಲಿ ಕೂಗಿ ಕರೆದದ್ದು ಯಾವ ಕಾನೂನಿನ ಪ್ರಕಾರ ಎಂಬುದನ್ನು ಮಾತ್ರ ನಾನು ಎಲ್ಲಿಯೂ ಓದಿಲ್ಲ.

ಓದುಗರಿಗಾಗಿ ಸಂಗತಿಯನ್ನು ಹೇಳಿಬಿಡುತ್ತೇನೆ. ಹುಡುಗಿಯ ತಂದೆ ತಾಯಿ ಇಬ್ಬರೂ ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಮಗಳನ್ನು ಕಕ್ಕಿಂಜೆ ಕಡೆಯ ಸೋದರಮಾವನಲ್ಲಿ ಬಿಟ್ಟಿದ್ದರು. ಶಾಲೆಯಲ್ಲಿ ಟೀಚರ್ ಬೆನ್ನು ನೋಡಿ ದೂರು ಕೊಟ್ಟ ಮೇಲೆ ಅವಳು ಮೂಡುಬಿದಿರೆ ಬಳಿಯ ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಬಂದ ಹೊಸದರಲ್ಲಿ ತಟ್ಟೆಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತೇ ಉಣ್ಣುತ್ತಿದ್ದಳಂತೆ. ಈಗ ಕೂತು ಉಣ್ಣುತ್ತಾಳೆ. ಮೊನ್ನೆ ಮೀನು ಸಾರು ಇನ್ನೊಂದು ಸೌಟು ಕೇಳಿದಳಂತೆ. ದೊಡ್ಡಮ್ಮ ಒಳಗೆ ಹೋಗಿ ಅತ್ತರಂತೆ. ತಾವು ವಾಪಸು ಕಳುಹಿಸಲು ಹೊರಟಿರುವುದು ಈ ಮಗುವನ್ನು.

ವಿಚಾರಣೆಯ ದಿನ ದೊಡ್ಡಮ್ಮನಿಗೆ ಜ್ವರ. ಮಗುವನ್ನು ಕರೆತಂದದ್ದು ಅವರ ಪರಿಚಯದ ನನ್ನ ಅಕ್ಕ, ತೋಡಾರಿನ ನೀಲಾವತಿ. ಮಾವನನ್ನು ಪಕ್ಕದ ಕುರ್ಚಿಯಲ್ಲೇ ಕೂರಿಸಿ ತಾವು ಮಗುವನ್ನು ಕೇಳಿದಿರಿ: "ಮಾವನ ಮನೆಗೆ ಹೋಗ್ತೀಯಲ್ಲ?" ಆಕೆ ಎದ್ದು ನಿಂತು, ಕೈಕಟ್ಟಿ, "ಹೋಗ್ತೇನೆ ಸರ್" ಎಂದಳು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಶಾಲೆಯ ಭಾಷೆ. ದೊಡ್ಡವರು ಕನ್ನಡದಲ್ಲಿ ಕೇಳಿದರೆ ಅವರು ಕೊಡುವುದು ಉತ್ತರವಲ್ಲ, ಹಾಜರಿ. ತಾವು ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿರಿ.

ಅಕ್ಕ ತಕರಾರು ಎತ್ತಿದಾಗ ತಾವು ಹೇಳಿದ್ದು ಇದು: "ಸೋದರಮಾವ ಅಲ್ವಾ ಅಮ್ಮ, ಒಳ್ಳೆದಕ್ಕೇ ಹೊಡೆದದ್ದು. ತಪ್ಪು ಕಾಣಿಕೆಯೂ ಹಾಕಿ ಆಯಿತು. ಇನ್ನೆಂತ ಎಳೆಯುವುದು?"

"ಕಾಣಿಕೆ ದೈವಕ್ಕೆ ಹಾಕಿದ್ದು ಸರ್," ಎಂದಳು ಅಕ್ಕ. "ಪೆಟ್ಟು ತಿಂದದ್ದು ದೈವ ಅಲ್ಲ."

ನಾನು ದೈವವನ್ನು ನಂಬುವವನು. ನಂಬುವುದರಿಂದಲೇ ಕೇಳುತ್ತೇನೆ. ಒಳ್ಳೆಯದಕ್ಕೇ ಹೊಡೆದದ್ದಾದರೆ ತಪ್ಪು ಕಾಣಿಕೆ ಯಾತಕ್ಕೆ? ಏನೂ ತಪ್ಪು ಮಾಡದವನು ಆ ಕಾಣಿಕೆ ಡಬ್ಬಿಯ ಮುಂದೆ ಯಾಕೆ ನಿಲ್ಲುತ್ತಾನೆ? ಊರವರ ಎದುರು, ದೈವದ ಎದುರು, ಆ ಮನುಷ್ಯ ತಪ್ಪೊಪ್ಪಿಕೊಂಡಿದ್ದಾರೆ. ಜಗತ್ತಿನ ಯಾವ ಕಚೇರಿಯಲ್ಲಾದರೂ ತಪ್ಪೊಪ್ಪಿಗೆಯಿಂದ ದೂರು ಗಟ್ಟಿಯಾಗುತ್ತದೆ. ತಮ್ಮಲ್ಲಿ ಮಾತ್ರ ಅದರಿಂದಲೇ ದೂರು ಮುಚ್ಚಿತು.

ಇಂಥ ಕಾಣಿಕೆಯೊಂದರ ಮುಂದಿನ ಕತೆ ನನಗೆ ಗೊತ್ತುಂಟು. ಅಕ್ಕನಿಗೆ ಒಂಬತ್ತು ವರ್ಷವಾಗಿದ್ದಾಗ ಓದಲೆಂದು ಅವಳನ್ನು ಗುರುವಾಯನಕೆರೆಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ಮಗ್ಗಿಯನ್ನು ಹಾಡಿನಂತೆ ಹೇಳುತ್ತಿದ್ದವಳು. ಲೆಕ್ಕ ತಪ್ಪಿದರೆ, ಲೋಟ ಬಿದ್ದರೆ, ಕರೆದಾಗ ಓಗೊಡುವುದು ತಡವಾದರೆ ದೊಡ್ಡಪ್ಪನ ಕೈಗೆ ಕೊಡೆಯ ಕೋಲು ಬರುತ್ತಿತ್ತು. ವಿಷಯ ತಿಳಿದು ಅಪ್ಪ ಹೋದರು, ಹಿರಿಯರು ಸೇರಿದರು, ದೊಡ್ಡಪ್ಪ ತಪ್ಪು ಕಾಣಿಕೆ ಹಾಕಿದರು. ಎಲ್ಲರೂ ಒಟ್ಟಿಗೆ ಊಟ ಮಾಡಿದರು. ಬಡಿಸಿದ್ದು ಅಕ್ಕ. ಅವಳು ಅಲ್ಲಿಯೇ ಉಳಿದಳು, ಏಳನೆಯ ತರಗತಿಗೆ ಓದು ಬಿಡುವ ತನಕ.

ಈಗ ಅವಳಿಗೆ ಅರವತ್ತು ದಾಟಿದೆ. ಮದುವೆಯ ಹಾಲ್‌ನಲ್ಲಿ ಗೋಡೆಗೆ ಬೆನ್ನು ಕೊಡುವ ಜಾಗ ಸಿಗದಿದ್ದರೆ ಉಣ್ಣದೆ ಬರುತ್ತಾಳೆ. ಮೂವತ್ತಕ್ಕೆ ಮೊದಲೇ ರಕ್ತದೊತ್ತಡದ ಮಾತ್ರೆ ಶುರುವಾಯಿತು. ನನ್ನ ಮದ್ದಿನ ಅಂಗಡಿಯಿಂದಲೇ ಒಯ್ಯುತ್ತಾಳೆ. ಭಾವ ಗುರುವಪ್ಪ ಒಳ್ಳೆಯ ಮನುಷ್ಯ, ಅವಳು ಬೆಚ್ಚಿಬೀಳದಂತೆ ತಮ್ಮ ಮನೆಗೆ ತಾವೇ ಗೇಟಿನಿಂದ "ನಾನು, ನಾನು" ಎಂದು ಕೂಗಿಕೊಂಡು ಬರುವುದನ್ನು ಕಲಿತರು. ಅವಳ ಮಗಳು ಒಮ್ಮೆ ನನ್ನಲ್ಲಿ ಹೇಳಿದ ಮಾತು: "ಮಾಮ, ಅಮ್ಮ ನನಗೆ ಒಂದು ದಿನವೂ ಹೊಡೆದವರಲ್ಲ. ಒಂದು ದಿನವೂ ತಬ್ಬಿಕೊಂಡವರೂ ಅಲ್ಲ." ಕಾಣಿಕೆ ಹಾಕಿದ ದೊಡ್ಡಪ್ಪ ಸತ್ತು ಎಷ್ಟೋ ವರ್ಷವಾಯಿತು. ಅಂದು ಹುಟ್ಟಿಯೇ ಇರದ ಮಗುವಿನವರೆಗೆ ಆ ಕೊಡೆಯ ಕೋಲು ತಲುಪಿತು.

ಇದು ನಮ್ಮ ಮನೆಯದೊಂದೇ ಸಂಗತಿಯಲ್ಲ. ನಾನು ಮದ್ದು ಮಾರುವವನು, ವೈದ್ಯನಲ್ಲ. ಆದರೆ ಓದುತ್ತೇನೆ. ದಿನವೂ ಹೆದರಿ ಬೆಳೆಯುವ ಮಗುವಿನ ಮೆದುಳು ಕಲಿಯುವ ಕೆಲಸವನ್ನು ಬದಿಗಿಟ್ಟು ಕಾವಲು ಕೂರುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಪೆಟ್ಟು ನಿಂತರೂ ಕಾವಲು ನಿಲ್ಲುವುದಿಲ್ಲ. ನಿದ್ರೆ, ನೆನಪು, ಹೃದಯ, ಇನ್ನೊಬ್ಬರನ್ನು ನಂಬುವ ಶಕ್ತಿ, ಎಲ್ಲವೂ ಆ ಕಾವಲಿಗೆ ಖರ್ಚಾಗುತ್ತವೆ. ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತದೆಂದಲ್ಲ. ಹೆದರಿಕೆಯಿಲ್ಲದ ಮನೆ, ನೆಚ್ಚಬಹುದಾದ ಒಬ್ಬ ದೊಡ್ಡವರು ಬೇಗ ಸಿಕ್ಕರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಈ ಹುಡುಗಿಗೆ ಅದು ಸಿಕ್ಕಿದೆ. ಅಕ್ಕನಿಗೆ ಸಿಗಲಿಲ್ಲ.

ತಮ್ಮ ಕಚೇರಿಯಿಂದ ಹಿಂದಿರುಗಲು ಅವರಿಬ್ಬರು ಬಿ.ಸಿ. ರೋಡಿನಲ್ಲಿ ಮೂಡುಬಿದಿರೆ ಬಸ್ಸು ಹತ್ತಿದರು. ಕಂಡಕ್ಟರ್ ಬೆಲ್ಲಿನ ಹಗ್ಗ ಎಳೆಯಲು ಕೈ ಎತ್ತಿದ. ಒಂದೇ ಸೀಟಿನಲ್ಲಿದ್ದ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದರು. "ಎಂತ ಅಮ್ಮ, ನಾನು ಹೊಡೀಲಿಕ್ಕುಂಟಾ?" ಎಂದ ಅವನು. ಬಸ್ಸೆಲ್ಲ ನಕ್ಕಿತು. ಮಗು ಅಕ್ಕನ ಮುಖವನ್ನೇ ನೋಡಿತಂತೆ, ಬಹಳ ಹೊತ್ತು. ಆಮೇಲೆ, ಯಾರೂ ಕೇಳದೆಯೇ, ತುಳುವಿನಲ್ಲಿ ಹೇಳಿತು: "ಯಾನ್ ಪೋಪುಜಿ." ನಾನು ಹೋಗುವುದಿಲ್ಲ.

ತಾವು ಬರೆದುಕೊಳ್ಳಬೇಕಾಗಿದ್ದ ಉತ್ತರ ಅದು.

ಆದ್ದರಿಂದ ಒತ್ತಾಯಿಸುತ್ತೇನೆ: ಆ ತೀರ್ಮಾನವನ್ನು ತಡೆಹಿಡಿಯಿರಿ. ಶಾಲೆ ತೆರೆದ ಮೇಲೂ ಮಗು ದೊಡ್ಡಮ್ಮನಲ್ಲೇ ಇರಲಿ. ಮಾವನಿಲ್ಲದ ಕೋಣೆಯಲ್ಲಿ, ತುಳು ಬಲ್ಲ ಒಬ್ಬ ಹೆಂಗಸಿನ ಮೂಲಕ ಅವಳನ್ನು ಮತ್ತೊಮ್ಮೆ ಕೇಳಿ. ಕೇಳುವಾಗ ದಯವಿಟ್ಟು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ, ಅವಳಿಗೆ ಕಾಣುವಂತೆ ಇಟ್ಟುಕೊಳ್ಳಿ.

ಇಂತಿ,
ಸ್ವಂತ ಅಕ್ಕನ ಮನೆಗೂ ಗೇಟಿನಿಂದಲೇ ಹೆಸರು ಕೂಗಿಕೊಂಡು ಹೋಗುವ ತಮ್ಮ,
ಶಂಭು
ಔಷಧದಂಗಡಿ, ಗುರುವಾಯನಕೆರೆ